ಬೆಳ್ಳಿತೆರೆಯ ಬಂದೂಕು: ಅಸಲಿ ಯಾವುದು, ನಕಲಿ ಯಾವುದು?

(ಉಪನ್ಯಾಸದ ಬರಹ ರೂಪ)

ಸಿನಿಮಾ ನೋಡಿ ಬಂದ ಮಗು ಕೇಳುವ ಪ್ರಶ್ನೆ ಎಲ್ಲ ಮನೆಗಳಲ್ಲೂ ಒಂದೇ: ‘ಆ ಬಂದೂಕು ನಿಜವಾದದ್ದಾ?’ ದೊಡ್ಡವರ ಉತ್ತರವೂ ಒಂದೇ: ‘ಇಲ್ಲ ಕಣೋ, ಅದೆಲ್ಲ ಸುಳ್ಳು, ಆಟದ ಬಂದೂಕು.’ ಸಭಿಕರಲ್ಲಿ ಅನೇಕರು ಈ ಉತ್ತರ ಕೊಟ್ಟಿರಬಹುದು. ಮಗುವಿನ ಹೆದರಿಕೆ ಕಳೆಯುವುದಕ್ಕೆ ಅದು ಒಳ್ಳೆಯ ಉತ್ತರವೇ. ಆದರೆ ಸಿನಿಮಾದ ಚರಿತ್ರೆಯನ್ನು ಕೆದಕಿದರೆ ಅದು ಅರ್ಧ ಮಾತ್ರ ಸರಿ ಎಂದು ತಿಳಿಯುತ್ತದೆ. ಹಾಲಿವುಡ್ಡಿನ ತೆರೆಯ ಮೇಲೆ ಕಂಡ ಬಂದೂಕುಗಳಲ್ಲಿ ಬಹಳಷ್ಟು ಆಯುಧ ಕಾರ್ಖಾನೆಯಲ್ಲೇ ತಯಾರಾದವು, ಸೈನಿಕರೂ ಪೊಲೀಸರೂ ಹಿಡಿದಂಥವೇ. ಅಲ್ಲಿ ಸುಳ್ಳಾಗಿರಬೇಕಾದದ್ದು ಒಳಗಿನ ತೋಟಾ. ಅದು ಸುಳ್ಳಾಗಿರಲಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿದ್ದೂ ಉಂಟು.

ಕಣ್ಣು ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದಕ್ಕೆ ಜೇಮ್ಸ್ ಬಾಂಡ್‌ನ ಉದಾಹರಣೆಯೇ ಸಾಕು. 1963ರ ‘ಫ್ರಂ ರಷ್ಯಾ ವಿತ್ ಲವ್’ ಚಿತ್ರದ ಪ್ರಚಾರಕ್ಕಾಗಿ ಶಾನ್ ಕಾನರಿ ಅವರ ಛಾಯಾಚಿತ್ರ ತೆಗೆಯಬೇಕಾಗಿತ್ತು. ಎಲ್ಲರೂ ಬಂದರು, ಬಾಂಡ್‌ನ ಹೆಸರಾಂತ ವಾಲ್ಥರ್ ಪಿಪಿಕೆ ಪಿಸ್ತೂಲು ಮಾತ್ರ ಬಂದಿರಲಿಲ್ಲ. ಛಾಯಾಗ್ರಾಹಕ ಡೇವಿಡ್ ಹರ್ನ್ ಬಳಿ ಗುರಿ ಅಭ್ಯಾಸಕ್ಕೆ ಬಳಸುವ ಒಂದು ಗಾಳಿ ಪಿಸ್ತೂಲು ಇತ್ತು. ಅದೂ ವಾಲ್ಥರ್ ಕಂಪನಿಯದೇ, ಆದರೆ ನಳಿಕೆ ಮೊಳದುದ್ದ. ಕಾನರಿ ಅದನ್ನೇ ಕೆನ್ನೆಯ ಬಳಿ ಹಿಡಿದು ನಿಂತರು. ಸಿಡಿಮದ್ದಿನ ಹಂಗೇ ಇಲ್ಲದ ಆ ಗಾಳಿ ಪಿಸ್ತೂಲಿನ ಚಿತ್ರ ಜಗತ್ತಿನ ಗೋಡೆಗಳನ್ನೆಲ್ಲ ಅಲಂಕರಿಸಿತು. 2010ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು 2,77,250 ಪೌಂಡಿಗೆ ಮಾರಾಟವಾಯಿತು. ಅಸಲಿ ಪಿಪಿಕೆ ಯಾವುದಕ್ಕೂ ಅಷ್ಟು ಬೆಲೆ ಯಾರೂ ಕೊಡಲಾರರು. ಬಾಂಡ್‌ನ ಕೈಯಲ್ಲಿದ್ದ ಬೆರೆಟ್ಟಾ ಹೆಂಗಸರ ವ್ಯಾನಿಟಿ ಬ್ಯಾಗಿಗೇ ಸರಿ ಎಂದು ಲೇಖಕ ಇಯಾನ್ ಫ್ಲೆಮಿಂಗ್‌ಗೆ ಕಾಗದ ಬರೆದು ತಕರಾರು ತೆಗೆದ ಓದುಗ ಜೆಫ್ರಿ ಬೂತ್‌ರಾಯ್ಡ್ ಈ ಚಿತ್ರವನ್ನು ನೋಡಿ ಏನೆಂದುಕೊಂಡಿರಬೇಕೋ!

ಒಂದು ಸ್ಥಿರಚಿತ್ರಕ್ಕೆ ಗಾಳಿ ಪಿಸ್ತೂಲು ಸಾಕಾಗುವುದಾದರೆ ಚಲನಚಿತ್ರದವರು ಅಸಲಿ ಬಂದೂಕಿನ ಗೊಡವೆಗೆ ಏಕೆ ಹೋದರು? ಕಾರಣ ಸರಳ. ಬಂದೂಕು ಹಾರುವಾಗ ನಳಿಕೆಯ ಬಾಯಲ್ಲಿ ಬೆಂಕಿ ಮಿಂಚುತ್ತದೆ, ಆ ಬೆಳಕು ನಟನ ಮುಖದ ಮೇಲೆ ಬೀಳುತ್ತದೆ, ಕೈ ಹಿಂದಕ್ಕೆ ಜಗ್ಗುತ್ತದೆ, ಕಣ್ಣು ತಾನಾಗಿ ಮಿಟುಕುತ್ತದೆ, ಹೊಗೆ ಏಳುತ್ತದೆ, ಖಾಲಿ ಚಿಪ್ಪು ಹಾರಿ ಬೀಳುತ್ತದೆ. ಇಷ್ಟನ್ನೂ ರಬ್ಬರಿನ ಬಂದೂಕು ಹಿಡಿದು ಅಭಿನಯಿಸುವುದು ಕಷ್ಟ. ರಬ್ಬರಿಗೆ ತೂಕವಿಲ್ಲ. ತೂಕವಿಲ್ಲದ್ದನ್ನು ಹಿಡಿದ ಕೈ ಪ್ರೇಕ್ಷಕನಿಗೆ ಗುಟ್ಟು ಬಿಟ್ಟುಕೊಡುತ್ತದೆ. ‘ಕೆಜಿಎಫ್’ ಎರಡನೆಯ ಭಾಗದಲ್ಲಿ (2022) ಕಾದು ಕೆಂಪಾದ ಮೆಷಿನ್ ಗನ್ನಿನ ನಳಿಕೆಗೆ ನಾಯಕ ಸಿಗರೇಟು ಹಚ್ಚಿಕೊಂಡಾಗ ಚಿತ್ರಮಂದಿರದಲ್ಲಿ ಎದ್ದ ಶಿಳ್ಳೆ ನೆನಪಿಸಿಕೊಳ್ಳಿ. ಜನ ಶಿಳ್ಳೆ ಹಾಕಿದ್ದು ಆ ಕಾವನ್ನು ನಂಬಿದ್ದಕ್ಕೆ. ಶಬ್ದದ ಮಾತು ಬೇರೆ. ತೆರೆಯಿಂದ ಕೇಳುವ ಸದ್ದು ಹೆಚ್ಚಾಗಿ ಆ ಬಂದೂಕಿನದೇ ಆಗಿರುವುದಿಲ್ಲ, ಅದನ್ನು ಆಮೇಲೆ ಧ್ವನಿಮುದ್ರಣ ಶಾಲೆಯಲ್ಲಿ ಸೇರಿಸುತ್ತಾರೆ.

ಈಗ ತೋಟಾದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ತೋಟಾ ಕೋವಿ ಬಳಸಿದ ಮಲೆನಾಡಿನವರಿಗೂ ಕೊಡಗಿನವರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಪಿಸ್ತೂಲು, ರೈಫಲ್ಲುಗಳ ಅಸಲಿ ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ: ಹಿತ್ತಾಳೆಯ ಚಿಪ್ಪು, ಅದರ ತಳದಲ್ಲಿ ಕೂತ ಚಿಕ್ಕ ಕೇಪು, ಒಳಗೆ ಮದ್ದು, ಮುಂದೆ ಸೀಸದ ಗುಂಡು. ಟ್ರಿಗರ್ ಎಳೆದಾಗ ಕೇಪಿಗೆ ಪೆಟ್ಟು ಬಿದ್ದು ಅದು ಕಿಡಿ ಹಾರಿಸುತ್ತದೆ. ಕಿಡಿ ಮದ್ದಿಗೆ ತಗಲುತ್ತದೆ. ಮದ್ದು ಉರಿದು ಎದ್ದ ಅನಿಲ ಗುಂಡನ್ನು ನಳಿಕೆಯಿಂದ ಹೊರಕ್ಕೆ ತಳ್ಳುತ್ತದೆ.

ಸಿನಿಮಾದವರು ಇದರ ಎರಡು ನಕಲುಗಳನ್ನು ಮಾಡಿಕೊಂಡರು. ಒಂದಕ್ಕೆ ಬ್ಲ್ಯಾಂಕ್ ಎಂದು ಹೆಸರು. ಅದರಲ್ಲಿ ಕೇಪಿದೆ, ಮದ್ದಿದೆ, ಗುಂಡಿಲ್ಲ. ಮದ್ದು ಚೆಲ್ಲದಂತೆ ಕಾಗದದ ಇಲ್ಲವೆ ಪ್ಲಾಸ್ಟಿಕ್ಕಿನ ಬಿರಡೆ ತುರುಕಿರುತ್ತಾರೆ, ಅಥವಾ ಚಿಪ್ಪಿನ ಬಾಯನ್ನೇ ಮಡಚಿರುತ್ತಾರೆ. ಹಾರಿಸಿದರೆ ಬೆಂಕಿ, ಹೊಗೆ, ಸದ್ದು ಎಲ್ಲವೂ ಉಂಟು. ಇನ್ನೊಂದಕ್ಕೆ ಡಮ್ಮಿ ಎಂದು ಹೆಸರು. ಅದರಲ್ಲಿ ಗುಂಡಿದೆ, ಮದ್ದಿಲ್ಲ. ನೋಡಲು ಥೇಟ್ ಅಸಲಿಯಂತೆ, ಹಾರುವುದಿಲ್ಲ. ಹತ್ತಿರದಿಂದ ಬಂದೂಕನ್ನು ತೋರಿಸುವಾಗ, ಖಳನಾಯಕ ಒಂದೊಂದಾಗಿ ಗುಂಡು ತುಂಬುವಾಗ ಬೇಕಾಗುವುದು ಇದೇ. ಒಂದು ನಕಲಿನಲ್ಲಿ ಅಸಲಿಯ ಸದ್ದು, ಇನ್ನೊಂದರಲ್ಲಿ ಅಸಲಿಯ ರೂಪ. ಎರಡನ್ನೂ ಬೇರೆ ಬೇರೆ ಇಟ್ಟಷ್ಟು ದಿನ ಕೆಲಸ ನಡೆಯುತ್ತದೆ.

ಆರಂಭದ ಕಾಲದಲ್ಲಿ ಇಷ್ಟು ಎಚ್ಚರವೂ ಇರಲಿಲ್ಲ. 1931ರ ‘ದಿ ಪಬ್ಲಿಕ್ ಎನಿಮಿ’ ಚಿತ್ರದಲ್ಲಿ ಜೇಮ್ಸ್ ಕ್ಯಾಗ್ನಿ ಮೂಲೆ ತಿರುಗಿ ಓಡಿದೊಡನೆ ಗೋಡೆಯ ಚಕ್ಕೆಗಳು ಎದ್ದು ಹಾರುತ್ತವೆ. ಅವು ಅಸಲಿ ಗುಂಡುಗಳು. ಗುರಿಯಲ್ಲಿ ಪಳಗಿದವನೊಬ್ಬ ಕ್ಯಾಮೆರಾದ ಆಚೆ ಕೂತು ಮೆಷಿನ್ ಗನ್ ಹಾರಿಸುತ್ತಿದ್ದ. ಏಳು ವರ್ಷಗಳ ನಂತರ ‘ಏಂಜಲ್ಸ್ ವಿತ್ ಡರ್ಟಿ ಫೇಸಸ್’ ಚಿತ್ರದಲ್ಲಿ ಮತ್ತೆ ಹಾಗೆಯೇ ಕಿಟಕಿಯ ಬಳಿ ನಿಲ್ಲಲು ಹೇಳಿದಾಗ ಕ್ಯಾಗ್ನಿ ಒಪ್ಪಲಿಲ್ಲ. ತಾನು ನಿಲ್ಲಬೇಕಾಗಿದ್ದ ಜಾಗದಲ್ಲೇ ಗುಂಡು ಹಾದುಹೋಯಿತೆಂದು ಅವರು ಮುಂದೆ ಹೇಳಿಕೊಂಡರು. ಗುಂಡು ತಗಲಿದಂತೆ ತೋರಿಸಲು ಬಟ್ಟೆಯೊಳಗೆ ಪುಟ್ಟ ಸಿಡಿಮದ್ದನ್ನೂ ಕೆಂಪು ಬಣ್ಣದ ಚೀಲವನ್ನೂ ಅಡಗಿಸಿಡುವ ವಿದ್ಯೆ ಬೆಳೆದದ್ದು ಆಮೇಲೆ. 1967ರ ‘ಬಾನಿ ಅಂಡ್ ಕ್ಲೈಡ್’ ಚಿತ್ರದ ಕೊನೆಯ ದೃಶ್ಯದಲ್ಲಿ ಅದು ಮನೆಮಾತಾಯಿತು.

ಸ್ಟುಡಿಯೋಗಳ ಬೇಡಿಕೆ ಹೆಚ್ಚಿದಂತೆ ಬಂದೂಕು ಬಾಡಿಗೆಗೆ ಕೊಡುವ ಮಳಿಗೆಗಳೇ ಹುಟ್ಟಿಕೊಂಡವು. ಹಾಲಿವುಡ್ಡಿನಲ್ಲಿ ಸ್ಟೆಂಬ್ರಿಡ್ಜ್, ಲಂಡನ್ನಿನಲ್ಲಿ ಬ್ಯಾಪ್ಟಿ. ಮದುವೆಗೆ ಪಾತ್ರೆ, ಜಮಖಾನ ಬಾಡಿಗೆಗೆ ತರುವಂತೆ ಸಿನಿಮಾದವರು ಇಲ್ಲಿಂದ ರೈಫಲ್ಲುಗಳನ್ನು ತಂದು ಹಿಂದಿರುಗಿಸುತ್ತಿದ್ದರು. ಈ ಮಳಿಗೆಗಳ ಕೈಚಳಕಕ್ಕೆ ಒಳ್ಳೆಯ ನಿದರ್ಶನ 1977ರ ‘ಸ್ಟಾರ್ ವಾರ್ಸ್’. ದೂರದ ನಕ್ಷತ್ರಲೋಕದ ಬಿಳಿ ಕವಚದ ಸೈನಿಕರು ಹಿಡಿದದ್ದು ಬ್ರಿಟಿಷ್ ಸೇನೆಯ ಸ್ಟರ್ಲಿಂಗ್ ಸಬ್‌ಮೆಷಿನ್ ಗನ್. ಅದಕ್ಕೆ ಒಂದೆರಡು ತುಂಡು ಅಂಟಿಸಿ ಬೇರೆ ಲೋಕದ ಆಯುಧವೆಂದರು. ಇದೇ ಸ್ಟರ್ಲಿಂಗ್ ನಮ್ಮ ಕಾನ್ಪುರದ ಕಾರ್ಖಾನೆಯಲ್ಲೂ ಪರವಾನಗಿ ಪಡೆದು ತಯಾರಾಯಿತು, ನಮ್ಮ ಪೊಲೀಸರ ಹೆಗಲಲ್ಲಿ ಕಾರ್ಬೈನ್ ಎಂಬ ಹೆಸರಿನಲ್ಲಿ ದಶಕಗಳ ಕಾಲ ತೂಗಿತು. ಖಜಾನೆಯ ಮುಂದೆ ನಿಂತ ಪೇದೆಯ ಕೈಯಲ್ಲಿ ಇದ್ದದ್ದೂ ನಕ್ಷತ್ರಲೋಕದ ಆಯುಧವೂ ಒಂದೇ ಮನೆತನದವು ಎಂದರೆ ಮಕ್ಕಳು ನಂಬಲಿಕ್ಕಿಲ್ಲ.

ಅಸಲಿ ಬಂದೂಕು ಎಂದಮಾತ್ರಕ್ಕೆ ಅವೆಲ್ಲವೂ ಅಸಲಿಯಾಗಿಯೇ ಉಳಿಯುತ್ತಿದ್ದವು ಎಂದಲ್ಲ. ಆಟೊಮ್ಯಾಟಿಕ್ ಬಂದೂಕಿನಲ್ಲಿ ಒಂದು ಗುಂಡು ಹಾರಿದ ಒತ್ತಡದಿಂದಲೇ ಮುಂದಿನ ತೋಟಾ ಏರಿ ಕೂರುತ್ತದೆ. ಬ್ಲ್ಯಾಂಕಿನಲ್ಲಿ ಗುಂಡಿಲ್ಲವಾದ್ದರಿಂದ ಅನಿಲ ತಡೆಯಿಲ್ಲದೆ ಹೊರಹೋಗಿ ಒತ್ತಡ ಸಾಲದಾಗುತ್ತದೆ. ಅದಕ್ಕಾಗಿ ನಳಿಕೆಯೊಳಗೆ ಕಿರಿದಾದ ರಂಧ್ರವುಳ್ಳ ಲೋಹದ ತಡೆಯನ್ನು ಕೂರಿಸುತ್ತಾರೆ. ಹೀಗೆ ಮಾರ್ಪಾಡಾದ ಬಂದೂಕಿನಿಂದ ಅಸಲಿ ಗುಂಡು ಹಾರಿಸುವಂತಿಲ್ಲ. 1987ರ ‘ಪ್ರಿಡೇಟರ್’ ಚಿತ್ರದಲ್ಲಿ ಹೆಲಿಕಾಪ್ಟರಿಗೆ ಬಿಗಿಯುವ ಆರು ನಳಿಕೆಗಳ ಗನ್ ಅನ್ನು ನಟನೊಬ್ಬ ಕೈಯಲ್ಲಿ ಹಿಡಿದು ಓಡಾಡುತ್ತಾನಲ್ಲ, ಅದು ತಿರುಗಲು ವಿದ್ಯುತ್ ಬೇಕು, ತಂತಿ ಅವನ ಪ್ಯಾಂಟಿನೊಳಗಿಂದ ಹೋಗಿತ್ತು. ಆರ್ಭಟ ಎಷ್ಟೇ ಇರಲಿ, ಇಂಥ ದೊಡ್ಡ ಆಯುಧಗಳ ಗುಟ್ಟು ಹೀಗೆ ಒಂದು ತಂತಿಯಲ್ಲೋ ಒಂದು ತಡೆಯಲ್ಲೋ ಇರುತ್ತದೆ.

ರಿವಾಲ್ವರಿನ ಕಥೆ ಬೇರೆ. ಅದರ ಉರುಳೆ ತಿರುಗುವುದು ಬೆರಳಿನ ಬಲದಿಂದ. ಅನಿಲದ ಒತ್ತಡ ಅದಕ್ಕೆ ಬೇಕಿಲ್ಲ. ಆದ್ದರಿಂದ ಬ್ಲ್ಯಾಂಕ್ ಹಾರಿಸಲು ಅದರ ನಳಿಕೆಗೆ ಏನೂ ಮಾಡಬೇಕಾಗಿಲ್ಲ, ಅದು ಅಸಲಿಯಾಗಿಯೇ ಉಳಿಯುತ್ತದೆ. ಇನ್ನೊಂದು ಮಾತು: ಪಿಸ್ತೂಲಿನ ತೋಟಾಗಳು ಹಿಡಿಯೊಳಗೆ ಅಡಗಿರುತ್ತವೆ, ರಿವಾಲ್ವರಿನವು ಎದುರಿನಿಂದ ನೋಡಿದರೆ ಮೂತಿ ತೋರಿಸುತ್ತವೆ. ಖಾಲಿ ರಿವಾಲ್ವರ್ ಖಾಲಿಯಾಗಿಯೇ ಕಾಣುತ್ತದೆ. ಹೀಗಾಗಿ ಹತ್ತಿರದ ಚಿತ್ರಕ್ಕೆ ಡಮ್ಮಿ ಬೇಕೇ ಬೇಕು. ಒಂದೇ ಆಯುಧಕ್ಕೆ ಒಂದು ದೃಶ್ಯದಲ್ಲಿ ಡಮ್ಮಿ, ಮುಂದಿನ ದೃಶ್ಯದಲ್ಲಿ ಬ್ಲ್ಯಾಂಕ್. ಹಾಲಿವುಡ್ಡಿನ ಮೂರು ಹೆಸರಾಂತ ದುರಂತಗಳೂ ರಿವಾಲ್ವರಿನಿಂದಲೇ ಆದವು ಎಂಬುದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ.

ಮೊದಲನೆಯದು 1984ರ ಅಕ್ಟೋಬರ್ 12ರಂದು ನಡೆಯಿತು. ‘ಕವರ್ ಅಪ್’ ಎಂಬ ಅಮೆರಿಕದ ಟಿ.ವಿ. ಧಾರಾವಾಹಿಯ ಚಿತ್ರೀಕರಣ ತಡವಾಗುತ್ತಿತ್ತು. ನಾಯಕ ಜಾನ್-ಎರಿಕ್ ಹೆಕ್ಸಮ್, ವಯಸ್ಸು 26, ಬ್ಲ್ಯಾಂಕ್ ತುಂಬಿದ್ದ .44 ಮ್ಯಾಗ್ನಂ ರಿವಾಲ್ವರಿನ ಉರುಳೆ ತಿರುಗಿಸಿ ತಮಾಷೆಗೆಂದು ಕಪಾಲಕ್ಕೆ ಒತ್ತಿ ಟ್ರಿಗರ್ ಎಳೆದರು. ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್ ಮೂರು ಗುಂಡು ಆಕಾಶಕ್ಕೆ ಹಾರಿಸಿ, ಉರುಳೆ ತಿರುಗಿಸಿ, ಮೂವರು ಬಂಟರ ತಲೆಗೆ ಗುರಿಯಿಡುತ್ತಾನಲ್ಲ, ಅದೇ ಆಟ. ಬ್ಲ್ಯಾಂಕಿನಲ್ಲಿ ಗುಂಡಿಲ್ಲ ನಿಜ. ಆದರೆ ಅನಿಲವೂ ಬಿರಡೆಯೂ ನಳಿಕೆಯ ಬಾಯಿಂದ ಹೊರಬರುವ ವೇಗ ಭೀಕರ. ಕೆಲವು ಅಡಿ ದೂರದಲ್ಲಿ ಅದು ಚದುರಿಹೋಗುತ್ತದೆ, ಚರ್ಮಕ್ಕೆ ತಾಗಿಸಿ ಹಾರಿಸಿದರೆ ಅದೇ ಗುಂಡಾಗುತ್ತದೆ. ತಲೆಬುರುಡೆಯ ಚೂರೊಂದು ಒಡೆದು ಮಿದುಳಿಗೆ ನುಗ್ಗಿತು. ಆರು ದಿನಗಳ ಮೇಲೆ ಅವರು ತೀರಿಕೊಂಡರು.

‘ಶೋಲೆ’ಯ ಮಾತು ಬಂದದ್ದರಿಂದ ನಮ್ಮ ರಾಮನಗರದ ಬೆಟ್ಟಗಳಿಗೂ ಒಮ್ಮೆ ಹೋಗಿ ಬರಬಹುದು. 1975ರಲ್ಲಿ ಬಿಡುಗಡೆಯಾದ ಆ ಚಿತ್ರದ ಬಹುಭಾಗ ತಯಾರಾದದ್ದು ಅಲ್ಲಿಯೇ. ಕೊನೆಯ ಕಾಳಗದ ಚಿತ್ರೀಕರಣದಲ್ಲಿ ನಡೆದ ಪ್ರಸಂಗವೊಂದನ್ನು ಅಮಿತಾಭ್ ಬಚ್ಚನ್ ಬಹಳ ವರ್ಷಗಳ ನಂತರ ಟಿ.ವಿ. ಕಾರ್ಯಕ್ರಮದಲ್ಲಿ ಹೇಳಿದರು. ಅವರು ಬೆಟ್ಟದ ಮೇಲೆ ನಿಂತಿದ್ದರು. ಕೆಳಗೆ ಧರ್ಮೇಂದ್ರ ಪೆಟ್ಟಿಗೆ ತೆರೆದು ತೋಟಾಗಳನ್ನು ಬಾಚಿಕೊಳ್ಳಬೇಕಾಗಿತ್ತು. ಮತ್ತೆ ಮತ್ತೆ ಪ್ರಯತ್ನಿಸಿದರೂ ಸರಿಬರಲಿಲ್ಲ. ಬೇಸತ್ತ ಧರ್ಮೇಂದ್ರ ಒಂದು ತೋಟಾ ತುಂಬಿ ಹಾರಿಸಿಯೇಬಿಟ್ಟರು. ಅದು ಅಸಲಿಯಾಗಿತ್ತು. ಕಿವಿಯ ಪಕ್ಕದಲ್ಲೇ ಗುಂಡು ಸುಯ್ಯೆಂದು ಹಾದದ್ದು ಕೇಳಿಸಿತೆಂದು ಬಚ್ಚನ್ ಹೇಳಿದರು. ಸಭೆ ಬೆರಗಾಗಿ ಕೇಳಿತು. ನಟರ ನೆನಪಿನ ಬುತ್ತಿಯಲ್ಲಿ ಇಂಥವು ರಂಜನೆಯ ಕಥೆಗಳಾಗಿಬಿಡುತ್ತವೆ. ಗುಂಡು ಒಂದೆರಡು ಅಂಗುಲ ಈಚೆ ಬಂದಿದ್ದರೆ ಭಾರತೀಯ ಚಿತ್ರರಂಗದ ಚರಿತ್ರೆಯನ್ನೇ ಬೇರೆಯಾಗಿ ಬರೆಯಬೇಕಾಗುತ್ತಿತ್ತು. ಗುಂಡಿನ ಪೆಟ್ಟಿಗೆಯಲ್ಲಿ ಅಸಲಿ ಏಕಿತ್ತು ಎಂಬ ಪ್ರಶ್ನೆ ಮಾತ್ರ ಕಥೆಯ ರಂಜನೆಯಲ್ಲಿ ಮುಚ್ಚಿಹೋಗುತ್ತದೆ.

ಎರಡನೆಯ ದುರಂತ ಬ್ರಾಂಡನ್ ಲೀ ಅವರದು. ಕುಂಗ್‌ಫು ವೀರ ಬ್ರೂಸ್ ಲೀ ಅವರ ಮಗ. ತಂದೆ 1973ರಲ್ಲಿ ಹಾಂಗ್‌ಕಾಂಗ್‌ನಲ್ಲಿ 32ನೇ ವಯಸ್ಸಿಗೆ ತೀರಿಕೊಂಡಿದ್ದರು. ಮಗ 1993ರಲ್ಲಿ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ‘ದಿ ಕ್ರೋ’ ಚಿತ್ರದ ನಾಯಕನಾಗಿ ಅಭಿನಯಿಸುತ್ತಿದ್ದರು. ಹತ್ತಿರದ ದೃಶ್ಯವೊಂದಕ್ಕೆ ಡಮ್ಮಿಗಳು ಬೇಕಾದವು. ಸಿದ್ಧ ಡಮ್ಮಿಗಳು ಕೈಗೆ ಸಿಗದಿದ್ದಾಗ ಎರಡನೆಯ ತಂಡದವರು ಅಸಲಿ ತೋಟಾಗಳ ಗುಂಡನ್ನು ಕಿತ್ತು, ಮದ್ದನ್ನು ಚೆಲ್ಲಿ, ಗುಂಡನ್ನು ಮತ್ತೆ ಕೂರಿಸಿದರು. ಕೇಪನ್ನು ತೆಗೆಯಲಿಲ್ಲ. ಟ್ರಿಗರ್ ಎಳೆದಾಗ ಆ ಚಿಕ್ಕ ಕೇಪು ಸಿಡಿಯಿತು. ಮದ್ದಿಲ್ಲದ್ದರಿಂದ ಗುಂಡು ಹೊರಗೆ ಬರಲಿಲ್ಲ, ಚಿಪ್ಪಿನಿಂದ ಕಳಚಿ ನಳಿಕೆಯ ಬುಡದಲ್ಲಿ ಸಿಕ್ಕಿಕೊಂಡಿತು. ಯಾರೂ ಗಮನಿಸಲಿಲ್ಲ.

ಮುಂದೆ ಅದೇ ರಿವಾಲ್ವರಿಗೆ ಬ್ಲ್ಯಾಂಕ್ ತುಂಬಿದರು. ಮಾರ್ಚ್ 31ರ ನಡುರಾತ್ರಿಯ ನಂತರ ನಾಯಕ ದಿನಸಿಯ ಚೀಲ ಹಿಡಿದು ಮನೆಗೆ ಬರುವ, ಖಳನು ಗುಂಡು ಹಾರಿಸುವ ದೃಶ್ಯ. ಬಂದೂಕಿನ ಉಸ್ತುವಾರಿಯವರನ್ನು ಅಷ್ಟು ಹೊತ್ತಿಗಾಗಲೇ ಮನೆಗೆ ಕಳುಹಿಸಿಯಾಗಿತ್ತು. ನಟ ಮೈಕೆಲ್ ಮ್ಯಾಸ್ಸಿ ಟ್ರಿಗರ್ ಎಳೆದರು. ನಳಿಕೆಯಲ್ಲಿ ಕಾದು ಕೂತಿದ್ದ ಗುಂಡಿಗೆ ಬ್ಲ್ಯಾಂಕಿನ ಮದ್ದು ಸಿಕ್ಕಿತು. ಒಂದು ನಕಲಿನ ಗುಂಡು, ಇನ್ನೊಂದು ನಕಲಿನ ಮದ್ದು ಸೇರಿ ಅಸಲಿಯಾಯಿತು. ಬ್ರಾಂಡನ್ ಬಿದ್ದದ್ದನ್ನು ಕಂಡವರು ಅಭಿನಯವೆಂದೇ ತಿಳಿದರು. ಗುಂಡು ಹೊಟ್ಟೆಯನ್ನು ಹೊಕ್ಕು ಬೆನ್ನುಮೂಳೆಯ ಬಳಿ ನಿಂತಿತ್ತು. ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ನಡೆದರೂ ಅದೇ ಮಧ್ಯಾಹ್ನ ಅವರು ತೀರಿಕೊಂಡರು. ವಯಸ್ಸು 28, ಏಪ್ರಿಲ್ 17ಕ್ಕೆ ಮದುವೆ ನಿಶ್ಚಯವಾಗಿತ್ತು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಚಿತ್ರ ಮರುವರ್ಷ ಬಿಡುಗಡೆಯಾಗಿ ಹಣ ಗಳಿಸಿತು. ಮ್ಯಾಸ್ಸಿ ಒಂದು ವರ್ಷ ಅಭಿನಯವನ್ನೇ ಬಿಟ್ಟರು. 2005ರ ಸಂದರ್ಶನವೊಂದರಲ್ಲಿ, ಆ ಚಿತ್ರವನ್ನು ತಾನು ಈವರೆಗೂ ನೋಡಿಲ್ಲ ಎಂದರು.

ಇಷ್ಟಾದ ಮೇಲೆ ಯಾರಿಗಾದರೂ ತೋರುವ ಪ್ರಶ್ನೆ: ಅಸಲಿಯ ಸಹವಾಸವನ್ನೇ ಬಿಟ್ಟರೆ ಏನಾಗುತ್ತದೆ? ಹಾಗೆ ಬಿಟ್ಟವರೂ ಇದ್ದಾರೆ. ಜಪಾನಿನಲ್ಲಿ ಕಾನೂನು ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ. ಅಲ್ಲಿನ ಭೂಗತ ಲೋಕದ ಚಿತ್ರಗಳು ಸಿನಿಮಾಕ್ಕೆಂದೇ ತಯಾರಿಸಿದ ನಕಲಿ ಬಂದೂಕುಗಳಲ್ಲೇ ಬೆಳೆದವು. ನಳಿಕೆಯ ಬಾಯಲ್ಲಿ ವಿದ್ಯುತ್ತಿನಿಂದ ಮದ್ದಿನ ಕಿಡಿ ಹೊತ್ತಿಸುತ್ತಿದ್ದರು. ಅಂಗಡಿಯಲ್ಲಿ ಮಾರುವ ಲೋಹದ ಆಟಿಕೆ ಪಿಸ್ತೂಲುಗಳ ನಳಿಕೆ ಮುಚ್ಚಿರಬೇಕು, ಬಣ್ಣ ಬಿಳಿ ಇಲ್ಲವೆ ಹಳದಿ ಇರಬೇಕು ಎಂದು 1971ರಲ್ಲಿ ಅಲ್ಲಿ ನಿಯಮವಾಯಿತು. ನಮ್ಮಲ್ಲಿಯೂ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. ಅಮೆರಿಕದಲ್ಲಿ ಮಾತ್ರ ಅಸಲಿ ಸಿಗುವುದು ಸುಲಭವಾಗಿದ್ದರಿಂದ, ನಕಲಿ ಮಾಡುವ ಶ್ರಮಕ್ಕಿಂತ ಅಸಲಿಯನ್ನು ಬಾಡಿಗೆಗೆ ತರುವುದೇ ವಾಸಿ ಎನ್ನಿಸಿತು.

ಅಲ್ಲದೆ ಕ್ಯಾಮೆರಾದ್ದೂ ಒಂದು ತೊಡಕಿತ್ತು. ಫಿಲ್ಮ್ ಕ್ಯಾಮೆರಾ ಸೆಕೆಂಡಿಗೆ 24 ಚೌಕಟ್ಟುಗಳನ್ನು ತೆಗೆಯುತ್ತದೆ. ಒಂದು ಚೌಕಟ್ಟಿಗೂ ಇನ್ನೊಂದಕ್ಕೂ ನಡುವೆ ಫಿಲ್ಮ್ ಸರಿಯುವಾಗ ಅದರ ಕಣ್ಣು ಮುಚ್ಚಿರುತ್ತದೆ. ಬಂದೂಕಿನ ಮಿಂಚು ಅದಕ್ಕಿಂತಲೂ ಕ್ಷಣಿಕ. ಕಣ್ಣು ಮುಚ್ಚಿದಾಗ ಮಿಂಚಿದರೆ ತೆರೆಯ ಮೇಲೆ ಏನೂ ಕಾಣದು, ಮತ್ತೆ ಹಾರಿಸಬೇಕು. ಕಂಪ್ಯೂಟರ್ ಬಂದ ಮೇಲೆ ಆ ಮಿಂಚನ್ನು ಆಮೇಲೆ ಬರೆದು ಸೇರಿಸುವುದು ಸಾಧ್ಯವಾಯಿತು. ಆ ವಿದ್ಯೆಯನ್ನು ಚೆನ್ನಾಗಿ ಬಳಸಿಕೊಂಡ ಸಾಹಸಚಿತ್ರಗಳಲ್ಲಿ ‘ಜಾನ್ ವಿಕ್’ (2014) ಒಂದು. ಅದರ ನಿರ್ದೇಶಕ ಚ್ಯಾಡ್ ಸ್ಟಾಹೆಲ್ಸ್‌ಕಿ. ಬ್ರಾಂಡನ್ ಲೀ ತೀರಿಕೊಂಡ ಮೇಲೆ ‘ದಿ ಕ್ರೋ’ದ ಉಳಿದ ದೃಶ್ಯಗಳನ್ನು ಮುಗಿಸಲು ಅವರ ಬದಲಿಗೆ ಕ್ಯಾಮೆರಾ ಮುಂದೆ ನಿಂತ ಸಾಹಸ ಕಲಾವಿದ ಇದೇ ಸ್ಟಾಹೆಲ್ಸ್‌ಕಿ.

ಆದರೂ ಹಳೆಯ ಪದ್ಧತಿ ಹೋಗಲಿಲ್ಲ. 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದ ಬೊನಾಂಜಾ ಕ್ರೀಕ್ ರಾಂಚ್‌ನಲ್ಲಿ ‘ರಸ್ಟ್’ ಎಂಬ ಕೌಬಾಯ್ ಚಿತ್ರದ ತಾಲೀಮು ನಡೆಯುತ್ತಿತ್ತು. ನಟ ಅಲೆಕ್ ಬಾಲ್ಡ್ವಿನ್ ಕೈಯಲ್ಲಿ .45 ರಿವಾಲ್ವರ್. ಇಲ್ಲಿ ಒಂದು ವಿಪರ್ಯಾಸವಿದೆ. ಅದು ಹತ್ತೊಂಬತ್ತನೆಯ ಶತಮಾನದ ಕೋಲ್ಟ್ ಅಲ್ಲ, ಇಟಲಿಯ ಪಿಯೆಟ್ಟಾ ಕಂಪನಿ ಅದರಂತೆಯೇ ತಯಾರಿಸಿದ ಪ್ರತಿಕೃತಿ. ರೂಪದಲ್ಲಿ ನಕಲು, ಕೆಲಸದಲ್ಲಿ ಅಸಲಿ. ಸಹಾಯಕ ನಿರ್ದೇಶಕ ‘ಕೋಲ್ಡ್ ಗನ್’ ಎಂದು ಕೂಗಿ ಹೇಳಿದ್ದರು. ಸಿಡಿಯುವಂಥದ್ದು ಒಳಗೆ ಏನೂ ಇಲ್ಲ ಎಂದು ಆ ಮಾತಿನ ಅರ್ಥ. ಒಳಗೆ ಅಸಲಿ ತೋಟಾ ಇತ್ತು. ಬಂದೂಕು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು, ಅದೇ ಗುಂಡು ನಿರ್ದೇಶಕ ಜೋಯೆಲ್ ಸೌಜಾ ಅವರನ್ನು ಗಾಯಗೊಳಿಸಿತು. ಹಲೀನಾಗೆ 42 ವರ್ಷ. ಉಕ್ರೇನಿನಲ್ಲಿ ಹುಟ್ಟಿ, ಉತ್ತರಧ್ರುವದ ಸೀಮೆಯ ಸೋವಿಯತ್ ಸೇನಾನೆಲೆಯೊಂದರಲ್ಲಿ ಬೆಳೆದವರು.

ಡಮ್ಮಿಯನ್ನು ಗುರುತಿಸುವುದು ಬ್ರಹ್ಮವಿದ್ಯೆಯೇನಲ್ಲ. ಕೆಲವು ಡಮ್ಮಿಗಳ ಪಕ್ಕದಲ್ಲಿ ತೂತು ಕೊರೆದಿರುತ್ತಾರೆ, ಇನ್ನು ಕೆಲವಕ್ಕೆ ಒಳಗೆ ಲೋಹದ ಪುಟ್ಟ ಗೋಲಿ ಹಾಕಿರುತ್ತಾರೆ. ಕಿವಿಯ ಬಳಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನಬೇಕು. ಸದ್ದಿಲ್ಲದಿದ್ದರೆ ಅನುಮಾನಿಸಬೇಕು. ಒಂದೊಂದನ್ನೂ ಹೀಗೆ ಅಲ್ಲಾಡಿಸಿ ನೋಡಲು ಬೇಕಾಗುವುದು ಒಂದೆರಡು ನಿಮಿಷ. ಆದರೆ ‘ರಸ್ಟ್’ ಕಡಿಮೆ ಖರ್ಚಿನ, ಅವಸರದ ಚಿತ್ರ. ಬಂದೂಕುಗಳ ಉಸ್ತುವಾರಿ ವಹಿಸಿದ್ದ ಹ್ಯಾನಾ ಗುಟೆರೆಸ್-ರೀಡ್‌ಗೆ ಅದರ ಜೊತೆಗೆ ಬೇರೆ ಸಾಮಗ್ರಿಯ ಕೆಲಸವೂ ಇತ್ತು. ಬಂದೂಕು ತಪ್ಪಿ ಹಾರಿದ ಪ್ರಸಂಗಗಳು ಮೊದಲೇ ನಡೆದಿದ್ದವು. ಕೆಲಸದ ಪರಿಸ್ಥಿತಿಯನ್ನು ವಿರೋಧಿಸಿ ಕ್ಯಾಮೆರಾ ತಂಡದ ಹಲವರು ಅಂದು ಬೆಳಿಗ್ಗೆಯೇ ಹೊರನಡೆದಿದ್ದರು. ಹುಡುಕಿದಾಗ ಡಮ್ಮಿಗಳ ನಡುವೆ ಇನ್ನೂ ಕೆಲವು ಅಸಲಿ ತೋಟಾಗಳು ಸಿಕ್ಕವು. 2024ರ ಮಾರ್ಚಿಯಲ್ಲಿ ಗುಟೆರೆಸ್-ರೀಡ್ ತಪ್ಪಿತಸ್ಥೆ ಎಂದು ತೀರ್ಮಾನವಾಗಿ, ಮರುತಿಂಗಳು 18 ತಿಂಗಳ ಸೆರೆವಾಸ ವಿಧಿಸಲಾಯಿತು. ಬಾಲ್ಡ್ವಿನ್ ಮೇಲಿನ ಮೊಕದ್ದಮೆ ಅದೇ ಜುಲೈನಲ್ಲಿ ವಜಾ ಆಯಿತು. ತೋಟಾಗಳಿಗೆ ಸಂಬಂಧಿಸಿದ ಸಾಕ್ಷ್ಯವನ್ನು ಸರ್ಕಾರಿ ಕಡೆಯವರು ಆತನ ವಕೀಲರಿಗೆ ಕೊಡದೆ ಮುಚ್ಚಿಟ್ಟಿದ್ದರೆಂಬುದು ಕಾರಣ.

ಈ ಘಟನೆಯ ಬೆನ್ನಲ್ಲೇ, ತನ್ನ ಕಂಪನಿಯ ಚಿತ್ರಗಳಲ್ಲಿ ಇನ್ನು ಮೇಲೆ ರಬ್ಬರಿನ ಬಂದೂಕುಗಳನ್ನೇ ಬಳಸುವುದಾಗಿ ನಟ ಡ್ವೇನ್ ಜಾನ್ಸನ್ ಘೋಷಿಸಿದರು. ಬಂದೂಕು ತಜ್ಞರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಪಳಗಿದವರನ್ನು ನೇಮಿಸಿ ಅವರ ಮಾತನ್ನು ಕೇಳಿದರೆ ಬ್ಲ್ಯಾಂಕ್‌ನಿಂದ ಅಪಾಯವಿಲ್ಲ, ದಶಕಗಳಿಂದ ಲಕ್ಷಾಂತರ ಬ್ಲ್ಯಾಂಕ್ ಹಾರಿಸಿದ್ದೇವಲ್ಲ ಎನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ತಿಳಿದವರು ಕೆಲಸ ಮಾಡುವ ಕಡೆ ನಳಿಕೆಯೊಳಗೆ ಟಾರ್ಚ್ ಬಿಟ್ಟು ನಟನಿಗೂ ತೋರಿಸುತ್ತಾರೆ, ಎದುರಿನವನ ಮೇಲೆ ನೇರವಾಗಿ ಗುರಿಯಿಡದೆ ತುಸು ಪಕ್ಕಕ್ಕೆ ಹಿಡಿಸುತ್ತಾರೆ. ಕ್ಯಾಮೆರಾ ಕೋನದಿಂದ ಅದು ನೇರವಾಗಿಯೇ ಕಾಣುತ್ತದೆ. ಆದರೆ ಪಳಗಿದವರಿಗೆ ಸಂಬಳ ಕೊಡಬೇಕು, ಅವರು ತಡೆ ಎಂದಾಗ ಚಿತ್ರೀಕರಣ ನಿಲ್ಲಿಸಬೇಕು. ವಿಲ್ಮಿಂಗ್ಟನ್‌ನಲ್ಲಿಯೂ ನ್ಯೂ ಮೆಕ್ಸಿಕೋದಲ್ಲಿಯೂ ಉಳಿತಾಯ ಮಾಡಿದ್ದು ಇದನ್ನೇ.

‘ರಸ್ಟ್’ ಚಿತ್ರೀಕರಣ 2023ರ ಏಪ್ರಿಲ್‌ನಲ್ಲಿ ಮೊಂಟಾನಾದಲ್ಲಿ ಮತ್ತೆ ಶುರುವಾಯಿತು. ಹಲೀನಾ ಅರ್ಧಕ್ಕೆ ಬಿಟ್ಟ ಛಾಯಾಗ್ರಹಣವನ್ನು ಬಿಯಾಂಕಾ ಕ್ಲೈನ್ ಮುಗಿಸಿದರು. ಗುಂಡು ಹಾರಿಸಬಲ್ಲ ಯಾವ ಬಂದೂಕೂ, ಯಾವ ಬಗೆಯ ತೋಟಾವೂ ಅಲ್ಲಿಗೆ ಬರಕೂಡದೆಂದು ನಿರ್ಮಾಪಕರು ಕಟ್ಟಪ್ಪಣೆ ಮಾಡಿದ್ದರು. ಚಿತ್ರ 2024ರ ನವೆಂಬರ್‌ನಲ್ಲಿ ಪೋಲೆಂಡಿನ ಟೊರೂನ್ ನಗರದಲ್ಲಿ, ಛಾಯಾಗ್ರಾಹಕರಿಗೆಂದೇ ಮೀಸಲಾದ ಕ್ಯಾಮರಿಮೇಜ್ ಉತ್ಸವದಲ್ಲಿ ಮೊದಲ ಬಾರಿ ಪ್ರದರ್ಶನಗೊಂಡಿತು. ಅಂದು ತಾಲೀಮು ನಡೆಯುತ್ತಿದ್ದ ಆ ಚರ್ಚಿನ ದೃಶ್ಯ ಅದರಲ್ಲಿಲ್ಲ.